ಕತ್ತರಿಸಿದರೆ ಕೆಂಪಾಗುವ ಕಾಡಣಬೆ ಯಾವುದು?

ಪ್ರಶ್ನೆ: ಮಳೆ ನಿಂತ ಮೂರನೇ ದಿನ ಕಾಡಿನಲ್ಲಿ ನಡೆಯುವಾಗ ಒಂದು ಅಣಬೆ ಸಿಕ್ಕಿತು. ಸುತ್ತ ಓಕ್ ಮತ್ತು ಪೈನ್ ಮರಗಳಿದ್ದವು. ಟೋಪಿ ಕಂದು ಬಣ್ಣ, ಅಂಗೈಯಷ್ಟು ಅಗಲ, ಮೇಲೆಲ್ಲ ಮಾಸಿದ ಚುಕ್ಕೆಗಳು. ಅಡಿಭಾಗ ಬಿಳಿ. ಕಾಂಡದ ಮೇಲೆ ಒಂದು ಉಂಗುರ. ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ದು ತಂದೆ. ಮನೆ ಸೇರುವ ಹೊತ್ತಿಗೆ ಕೊಯ್ದ ಜಾಗ ನಸುಗೆಂಪಾಗಿತ್ತು. ಮರುದಿನ ಅಡಿಭಾಗದಲ್ಲೂ ಕೆಂಪು ಕಲೆಗಳು. ಫೋನಿನ ಆ್ಯಪ್ ಒಂದು ಫೋಟೋಗೆ ಒಂದು ಹೆಸರು ಹೇಳಿದರೆ ಇನ್ನೊಂದಕ್ಕೆ ಬೇರೆ ಹೆಸರು ಹೇಳುತ್ತದೆ. ಇದು ಯಾವ ಅಣಬೆ? ಇಂಥದ್ದನ್ನು ಸರಿಯಾಗಿ ಬರೆದಿಡುವುದು ಹೇಗೆ? ತಿನ್ನಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಿನ್ನಬೇಡಿ. ನಿಮ್ಮ ಕೈಯಲ್ಲಿರುವ ಈ ಅಣಬೆಯನ್ನಂತೂ ಖಂಡಿತ ಬೇಡ. ಕಾರಣ ಏನು ಅಂದರೆ, ಇದರ ಹೆಸರು ಹೇಳುವುದಕ್ಕೆ ಬಹಳ ಮುಖ್ಯವಾದ ಭಾಗವನ್ನು ನೀವು ಮಣ್ಣಿನಲ್ಲೇ ಬಿಟ್ಟು ಬಂದಿದ್ದೀರಿ. ಕಾಂಡದ ಬುಡ. ಅದನ್ನು ನೋಡದೆ ನಾನು ಎಷ್ಟೇ ಧೈರ್ಯವಾಗಿ ಹೆಸರು ಹೇಳಿದರೂ ಅದು ಬಲವಾದ ಊಹೆ ಅಷ್ಟೇ.

ಆ ಊಹೆ ಹೀಗಿದೆ. ನೀವು ಬರೆದ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇದು ಅಮಾನಿಟಾ ರೂಬೆಸೆನ್ಸ್ ಅಥವಾ ಅದರ ಹತ್ತಿರದ ಬಂಧು. ರೂಬೆಸೆನ್ಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ 'ಕೆಂಪಾಗುತ್ತಿರುವ' ಎಂದರ್ಥ. ಪರ್ಸೂನ್ ಎಂಬ ಶಿಲೀಂಧ್ರ ತಜ್ಞ 1797ರಲ್ಲಿ ಈ ಹೆಸರಿಟ್ಟ. ನಾಚಿದಾಗ ಕೆನ್ನೆಗೆ ರಂಗು ಏರುತ್ತದಲ್ಲ, ಇದರ ತಿರುಳೂ ಹಾಗೆಯೇ, ಮೆಲ್ಲಗೆ, ನೋಡುತ್ತಿರುವಾಗ ಗೊತ್ತೇ ಆಗದ ಹಾಗೆ ಕೆಂಪೇರುತ್ತದೆ.

ಆದರೆ ಕೆಂಪಾಯಿತು ಅನ್ನುವ ಒಂದೇ ಮಾತಿನಿಂದ ಯಾವ ಅಣಬೆಗೂ ಹೆಸರು ಸಿಗುವುದಿಲ್ಲ. ಹೊಸಬರು ಎಡವುವುದು ಜಾಸ್ತಿ ಇಲ್ಲೇ. ಗಾಯವಾದರೆ ಕೆಂಪಾಗುವ ಕಾಡಣಬೆಗಳು ಹತ್ತಾರು ಇವೆ. ಕೆಲವನ್ನು ಜನ ತಿನ್ನುತ್ತಾರೆ, ಕೆಲವು ಹೊಟ್ಟೆ ಕೆಡಿಸುತ್ತವೆ, ಒಂದೆರಡು ಜೀವಕ್ಕೇ ಅಪಾಯ. ಹಾಗಾಗಿ ಕೆಂಪಾಯಿತಾ ಅಂತ ಮಾತ್ರ ಕೇಳಿದರೆ ಸಾಲದು. ಎಲ್ಲಿ ಕೆಂಪಾಯಿತು? ಎಷ್ಟು ಹೊತ್ತಿಗೆ? ಯಾವ ಬಣ್ಣದಿಂದ ಶುರುವಾಗಿ ಯಾವ ಬಣ್ಣಕ್ಕೆ ಬಂದು ನಿಂತಿತು? ಈ ಮೂರಕ್ಕೂ ಉತ್ತರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಕೆಂಪಾಗುವುದು ಯಾಕೆ ಅಂತ ನೋಡೋಣ. ಕತ್ತರಿಸಿಟ್ಟ ಸೇಬು ಕಂದಾಗುವುದನ್ನು ನೋಡಿರುತ್ತೀರಿ ಅಲ್ವಾ? ಹೆಚ್ಚುಕಡಿಮೆ ಅದೇ ಕಥೆ. ಜೀವಕೋಶಗಳು ಒಡೆದಾಗ ಒಳಗಿನ ಫೀನಾಲ್ ಜಾತಿಯ ವಸ್ತುಗಳೂ ಕಿಣ್ವಗಳೂ ಬೆರೆಯುತ್ತವೆ, ಗಾಳಿಯ ಆಮ್ಲಜನಕ ಸೇರುತ್ತದೆ, ಬಣ್ಣ ಹುಟ್ಟುತ್ತದೆ. ಇಂಥ ಕಿಣ್ವಗಳಲ್ಲಿ ಹೆಸರುವಾಸಿಯಾದದ್ದು ಟೈರೋಸಿನೇಸ್. 1890ರ ದಶಕದಲ್ಲಿ ಫ್ರಾನ್ಸಿನ ಬೂರ್ಕೆಲೊ ಮತ್ತು ಬೆರ್ತ್ರಾಂ ಇದನ್ನು ಪತ್ತೆ ಮಾಡಿದ್ದು ಅಣಬೆಯಲ್ಲೇ. ಅವರು ನೋಡಿದ್ದು ರುಸುಲಾ ನಿಗ್ರಿಕಾನ್ಸ್ ಅನ್ನುವ ಕಾಡಣಬೆ. ಅದನ್ನು ಕತ್ತರಿಸಿದರೆ ಮೊದಲು ಕೆಂಪು, ಆಮೇಲೆ ನಿಧಾನಕ್ಕೆ ಇದ್ದಿಲಿನ ಹಾಗೆ ಕಪ್ಪು. ಬೇರೆ ಬೇರೆ ಅಣಬೆಗಳಲ್ಲಿ ಈ ವಸ್ತುಗಳು ಬೇರೆ ಬೇರೆ. ಅದಕ್ಕೇ ಒಂದು ಕ್ಷಣಗಳಲ್ಲಿ ಕೆಂಪಾದರೆ ಇನ್ನೊಂದಕ್ಕೆ ಅರ್ಧ ಗಂಟೆ ಬೇಕು, ಒಂದು ಗುಲಾಬಿಯಲ್ಲೇ ನಿಂತರೆ ಇನ್ನೊಂದು ಕಪ್ಪಾಗುವವರೆಗೂ ಬಿಡುವುದಿಲ್ಲ. ಬಣ್ಣ, ವೇಗ ಎರಡನ್ನೂ ಬರೆದುಕೊಳ್ಳಿ ಅಂತ ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಈಗ ನಿಮ್ಮ ಅಣಬೆಗೆ ಬರೋಣ. ರೂಬೆಸೆನ್ಸ್ ಹೇಗಿರುತ್ತದೆ ಅಂತ ತಲೆಯಿಂದ ಬುಡದವರೆಗೆ ಹೇಳುತ್ತೇನೆ, ನಿಮ್ಮದರ ಜೊತೆ ಹೋಲಿಸುತ್ತಾ ಹೋಗಿ.

ಟೋಪಿ ಸಾಮಾನ್ಯವಾಗಿ 5ರಿಂದ 15 ಸೆಂಟಿಮೀಟರ್ ಅಗಲ. ಎಳೆಯದರಲ್ಲಿ ಚೆಂಡಿನ ಹಾಗೆ ಗುಂಡಗೆ, ಬಲಿತ ಮೇಲೆ ಹೆಚ್ಚುಕಡಿಮೆ ಚಪ್ಪಟೆ. ಬಣ್ಣ ಕಂದು, ಆದರೆ ಆ ಕಂದಿನ ಒಳಗೆ ಗುಲಾಬಿಯ ಛಾಯೆ ಇರುತ್ತದೆ. ಒಂದೊಂದು ಸಲ ತುಂಬಾ ತಿಳಿ, ಬಹುತೇಕ ಬಿಳಿ ಅನ್ನಿಸುವಂಥವೂ ಸಿಗುತ್ತವೆ. ಮೇಲಿನ ಚುಕ್ಕೆಗಳು ನಿಜಕ್ಕೂ ಚುಕ್ಕೆಗಳಲ್ಲ, ಹಕ್ಕಳೆಗಳು. ಅಮಾನಿಟಾ ಜಾತಿಯ ಅಣಬೆ ಎಳೆಯದಾಗಿದ್ದಾಗ ಇಡೀ ದೇಹವೇ ಒಂದು ಪೊರೆಯೊಳಗೆ ಮೊಟ್ಟೆಯ ಹಾಗೆ ಕೂತಿರುತ್ತದೆ. ಬೆಳೆಯುತ್ತಾ ಪೊರೆ ಹರಿದು, ಅದರ ಚೂರುಗಳು ಟೋಪಿಯ ಮೇಲೆ ಉಳಿದುಬಿಡುತ್ತವೆ. ಹಾಗಾಗಿ ಉಗುರಿನಿಂದ ಮೆಲ್ಲಗೆ ಕೆರೆದರೆ ಅವು ಎದ್ದು ಬರುತ್ತವೆ, ಕೆಳಗಿನ ಸಿಪ್ಪೆಗೆ ಏನೂ ಆಗುವುದಿಲ್ಲ. ರೂಬೆಸೆನ್ಸ್‌ನ ಹಕ್ಕಳೆಗಳು ಬೂದು, ಮಾಸಲು ಅಥವಾ ನಸುಗೆಂಪು. ಶುಭ್ರ ಬಿಳಿ ಅಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಜೋರು ಮಳೆ ಬಂದರೆ ಹಕ್ಕಳೆ ತೊಳೆದುಹೋಗಿ ಟೋಪಿ ಬೋಳಾಗಿರಬಹುದು. ಆದ್ದರಿಂದ ಹಕ್ಕಳೆ ಇಲ್ಲ ಅಂದ ಮಾತ್ರಕ್ಕೆ ಅಮಾನಿಟಾ ಅಲ್ಲ ಅನ್ನಬೇಡಿ.

ಟೋಪಿಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ತೆಳು ಪದರಗಳಿವೆ. ಮೀನಿನ ಕಿವಿರಿನ ಹಾಗೆ ಕಾಣುವುದರಿಂದ ಅವನ್ನು ಕಿವಿರು ಅಂತಲೇ ಕರೆಯುತ್ತೇನೆ. ರೂಬೆಸೆನ್ಸ್‌ನಲ್ಲಿ ಕಿವಿರು ಬಿಳಿ, ಒತ್ತೊತ್ತಾಗಿರುತ್ತದೆ, ಕಾಂಡವನ್ನು ಮುಟ್ಟುವುದಿಲ್ಲ. ವಯಸ್ಸಾದಂತೆ, ಅಥವಾ ಬೆರಳು ತಾಗಿದಲ್ಲಿ, ಕೆಂಪು ಕಲೆಗಳು ಏಳುತ್ತವೆ. ಮರುದಿನ ನೀವು ಕಂಡದ್ದು ಇದೇ ಇರಬೇಕು.

ಕಾಂಡದ ಮೇಲ್ಭಾಗದಲ್ಲಿ ಲಂಗದ ಹಾಗೆ ಇಳಿಬಿದ್ದ ಉಂಗುರ. ಅದರ ಮೇಲ್ಮೈಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಸಣ್ಣ ಸಣ್ಣ ಗೀರುಗಳು, ನೆರಿಗೆ ಹಿಡಿದ ಬಟ್ಟೆಯ ಹಾಗೆ. ಇದನ್ನು ಜನ ನೋಡುವುದೇ ಇಲ್ಲ. ಉಂಗುರ ಇದೆ ಅಂತ ಬರೆದು ಮುಂದೆ ಹೋಗುತ್ತಾರೆ. ನೀವೂ ಅಷ್ಟೇ ಬರೆದಿದ್ದೀರಿ. ಅಣಬೆ ಇನ್ನೂ ಇದ್ದರೆ ಈಗಲೇ ಒಂದು ಲೆನ್ಸ್ ಹಿಡಿದು ನೋಡಿ.

ಆಮೇಲೆ ಬುಡ. ರೂಬೆಸೆನ್ಸ್‌ನ ಕಾಂಡ ಕೆಳಗೆ ಹೋಗುತ್ತಾ ದಪ್ಪವಾಗಿ ಗೆಡ್ಡೆಯ ಹಾಗೆ ಊದಿಕೊಳ್ಳುತ್ತದೆ. ಆ ಗೆಡ್ಡೆಗೆ ಎದ್ದು ನಿಂತ ಅಂಚಿಲ್ಲ, ಸುತ್ತ ಚೀಲವಿಲ್ಲ. ಕಾಂಡವೇ ನಿಧಾನವಾಗಿ ಊದಿಕೊಂಡಂತೆ ಕಾಣುತ್ತದೆ, ಅಲ್ಲಲ್ಲಿ ಪೊರೆಯ ಚೂರುಗಳು ಅಂಟಿರಬಹುದು ಅಷ್ಟೇ. ಇನ್ನೊಂದು ವಿಷಯ. ಈ ಅಣಬೆಯ ಬುಡ ಹುಳಗಳಿಗೆ ಬಹಳ ಇಷ್ಟ. ಉದ್ದಕ್ಕೆ ಸೀಳಿದರೆ ಮರಿಹುಳುಗಳು ಕೊರೆದ ಸುರಂಗಗಳು ಸಿಗುತ್ತವೆ. ಆ ಸುರಂಗಗಳ ಗೋಡೆ ಆಗಲೇ ವೈನ್ ಬಣ್ಣಕ್ಕೆ ತಿರುಗಿರುತ್ತದೆ, ಯಾಕೆಂದರೆ ಹುಳು ಕೊರೆದದ್ದೂ ಗಾಯವೇ ತಾನೆ. ಹಾಗಾಗಿ ಈ ಅಣಬೆಯಲ್ಲಿ ಕೆಂಪನ್ನು ಹುಡುಕಬೇಕಾದ ಮೊದಲ ಜಾಗ ಬುಡವೇ. ಎಳೆಯದು, ಗಟ್ಟಿಯದು, ಒಣಹವೆಯಲ್ಲಿ ಸಿಕ್ಕಿದ್ದು ಆದರೆ ಟೋಪಿಯನ್ನು ಕತ್ತರಿಸಿ ಕಾದರೂ ಬಣ್ಣ ಸರಿಯಾಗಿ ಬಾರದೇ ಹೋಗಬಹುದು. ಬುಡದ ಸುರಂಗಗಳಲ್ಲಿ ಮಾತ್ರ ಸಾಮಾನ್ಯವಾಗಿ ಸುಳಿವು ಇದ್ದೇ ಇರುತ್ತದೆ.

ನೆಲಮಟ್ಟಕ್ಕೆ ಕೊಯ್ಯುವುದು ಒಳ್ಳೆಯ ಅಭ್ಯಾಸ ಅಂತ ಯಾರೋ ನಿಮಗೆ ಹೇಳಿಕೊಟ್ಟಿರಬಹುದು. ಗೊತ್ತಿರುವ ಅಣಬೆಯನ್ನು ಹಾಗೆ ಕೊಯ್ದರೆ ತೊಂದರೆಯಿಲ್ಲ. ಗೊತ್ತಿಲ್ಲದ್ದನ್ನು ಮಾತ್ರ ಯಾವತ್ತೂ ಹಾಗೆ ಕೊಯ್ಯಬೇಡಿ. ಚಾಕುವನ್ನು ಪಕ್ಕದಲ್ಲಿ ಮಣ್ಣಿಗೆ ಇಳಿಸಿ, ಬುಡದ ಸಮೇತ ಮೇಲಕ್ಕೆತ್ತಿ. ಒಂದು ಅಣಬೆಯನ್ನು ಹೀಗೆ ಎತ್ತಿದರೆ ಮಣ್ಣಿನೊಳಗೆ ಹರಡಿರುವ ಎಳೆಗಳ ಜಾಲಕ್ಕೆ ಏನೂ ಆಗುವುದಿಲ್ಲ. ಗುಂಡಿ ಮುಚ್ಚಿ, ಎಲೆ ಹರಡಿದರೆ ಸಾಕು.

ಬುಡದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಒಂದೇ ಒಂದು ಅಣಬೆ. ಅಮಾನಿಟಾ ಪ್ಯಾಂಥೆರಿನಾ. ಅದೂ ಕಂದು, ಅದಕ್ಕೂ ಹಕ್ಕಳೆ, ಅದಕ್ಕೂ ಬಿಳಿ ಕಿವಿರು, ಅದಕ್ಕೂ ಉಂಗುರ. ಬೆಳೆಯುವುದೂ ಇಂಥದೇ ಕಾಡಿನಲ್ಲಿ. ಅದರಲ್ಲಿ ಐಬೊಟೆನಿಕ್ ಆಮ್ಲ ಮತ್ತು ಮಸ್ಸಿಮಾಲ್ ಇವೆ. ಎರಡೂ ನೇರವಾಗಿ ಮಿದುಳಿನ ಮೇಲೆ ಕೆಲಸ ಮಾಡುತ್ತವೆ. ತಿಂದವರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತಲೆ ಸುತ್ತು, ಗೊಂದಲ, ತೂಕಡಿಕೆ, ಆಮೇಲೆ ಆವೇಶ, ಕೆಲವರಿಗೆ ಸೆಳೆತ. ಆಸ್ಪತ್ರೆ ಸೇರಬೇಕಾಗುತ್ತದೆ.

ಇವೆರಡನ್ನೂ ಬೇರೆ ಮಾಡುವ ಗುರುತುಗಳು ಹೀಗಿವೆ. ಪ್ಯಾಂಥೆರಿನಾದ ಹಕ್ಕಳೆ ಶುಭ್ರ ಬಿಳಿ. ಟೋಪಿಯ ಅಂಚಿನಲ್ಲಿ ಬಾಚಣಿಗೆ ಎಳೆದಂತೆ ಸಣ್ಣ ಗೆರೆಗಳಿರುತ್ತವೆ, ರೂಬೆಸೆನ್ಸ್‌ನ ಅಂಚು ಸಾಮಾನ್ಯವಾಗಿ ನಯ. ಉಂಗುರದ ಮೇಲೆ ಗೀರುಗಳಿಲ್ಲ. ಬುಡದ ಗೆಡ್ಡೆಗೆ ಎದ್ದು ಕಾಣುವ ಅಂಚಿದೆ. ಕಾಂಡವನ್ನು ಒಂದು ಪುಟ್ಟ ಬಟ್ಟಲಿನೊಳಗೆ ನಿಲ್ಲಿಸಿದಂತಿರುತ್ತದೆ, ಅದರ ಮೇಲೆ ಒಂದೆರಡು ಬಳೆ ತೊಡಿಸಿದಂತೆ ಸುತ್ತುಗಳು. ಮತ್ತು ಅದರ ತಿರುಳು ಬಿಳಿಯಾಗೇ ಉಳಿಯುತ್ತದೆ. ಹುಳು ಕೊರೆದ ಕಡೆಯಲ್ಲೂ ಕೆಂಪಾಗುವುದಿಲ್ಲ. ನಿಮ್ಮದು ಕೆಂಪಾಗಿದೆ ಅಂದಿದ್ದೀರಿ, ಅದು ಪ್ಯಾಂಥೆರಿನಾ ಅಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಆದರೂ ಕಂದು ಬಣ್ಣದ ಟೋಪಿಯ ರಸ ತಾಗಿ, ಅಥವಾ ಹಳಸಿ, ಕಾಂಡ ಕೆಂಗಂದಾಗಿ ಕಂಡರೂ ಹೊಸಬರು 'ಕೆಂಪಾಯಿತು' ಅಂತ ಬರೆಯುತ್ತಾರೆ. ಆದ್ದರಿಂದ ಬುಡವೂ ಬೇಕು, ಉಂಗುರವೂ ಬೇಕು. ಒಂದು ಗುರುತನ್ನು ನಂಬಿ ಕೂರಬಾರದು.

ಅಮಾನಿಟಾ ಎಕ್ಸೆಲ್ಸಾ ಅಂತ ಇನ್ನೊಂದಿದೆ. ಬೂದು ಹಕ್ಕಳೆ, ಉಂಗುರದ ಮೇಲೆ ಗೀರು, ರೂಬೆಸೆನ್ಸ್‌ಗೆ ತೀರಾ ಹತ್ತಿರ. ಅದು ಕೆಂಪಾಗುವುದಿಲ್ಲ.

ಈಗ ಅಮಾನಿಟಾ ಕುಟುಂಬದ ಹೊರಗೆ ಕೆಂಪಾಗುವವುಗಳ ಬಗ್ಗೆ. ನೀವು ಮುಂದೆ ಕಾಡು ಸುತ್ತುವಾಗ ಇವು ಎದುರಾಗುತ್ತವೆ.

ಸೂಜಿ ಎಲೆಯ ಮರಗಳ ಕೆಳಗೆ ಅಗಾರಿಕಸ್ ಸಿಲ್ವಾಟಿಕಸ್ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆಯ ಕಾಡಿನ ಬಂಧು. ಟೋಪಿಯ ಮೇಲೆ ಕಂದು ಚಕ್ಕೆಗಳಿವೆ, ಆದರೆ ಅವು ಸಿಪ್ಪೆಯದ್ದೇ ಭಾಗ, ಕೆರೆದರೆ ಏಳುವುದಿಲ್ಲ. ಹಕ್ಕಳೆಗೂ ಚಕ್ಕೆಗೂ ಇರುವ ಈ ವ್ಯತ್ಯಾಸ ಕೈಗೆ ಹತ್ತಿಬಿಟ್ಟರೆ ಅರ್ಧ ಗೊಂದಲ ಹೋಗುತ್ತದೆ. ಕತ್ತರಿಸಿದರೆ ತಿರುಳು ಬೇಗ, ಕಣ್ಣೆದುರೇ, ರಕ್ತ ಒಸರಿದ ಹಾಗೆ ಕೆಂಪಾಗುತ್ತದೆ, ಆಮೇಲೆ ಕಂದು. ಕಿವಿರು ಮೊದಲು ಮಾಸಲು ಗುಲಾಬಿ, ಬಲಿತಾಗ ಚಾಕೊಲೇಟ್ ಬಣ್ಣ. ಬೀಜಕಗಳೂ, ಅಂದರೆ ಕಿವಿರಿನಿಂದ ಬೀಜದ ಹಾಗೆ ಉದುರುವ ಸಣ್ಣ ಪುಡಿಯೂ, ಚಾಕೊಲೇಟ್ ಬಣ್ಣವೇ. ನಿಮ್ಮ ಅಣಬೆಯ ಕಿವಿರು ಮರುದಿನವೂ ಬಿಳಿಯಾಗಿಯೇ ಇದ್ದು ಕಲೆ ಮಾತ್ರ ಕೆಂಪಾಗಿತ್ತು ಅಂದಿದ್ದಕ್ಕೆ ಇದನ್ನು ನಾನು ಪಕ್ಕಕ್ಕಿಟ್ಟೆ.

ಕ್ಲೋರೋಫಿಲಮ್ ರಾಕೋಡಿಸ್ ದೊಡ್ಡದು, ಟೋಪಿಯ ಮೇಲೆ ಹೆಂಚು ಜೋಡಿಸಿದಂತೆ ಒರಟು ಚಕ್ಕೆಗಳು. ಕತ್ತರಿಸಿದ ಕೂಡಲೇ ಕ್ಯಾರೆಟ್ ಬಣ್ಣ, ಆಮೇಲೆ ಕೆಂಪು, ಆಮೇಲೆ ಕಂದು. ಉಂಗುರ ದಪ್ಪ, ಬೆರಳಿನಿಂದ ತಳ್ಳಿದರೆ ಕಾಂಡದ ಮೇಲೆ ಜಾರುತ್ತದೆ. ಇದರ ಬಂಧು ಕ್ಲೋರೋಫಿಲಮ್ ಮಾಲಿಬ್ಡಿಟಿಸ್ ಹುಲ್ಲುಹಾಸಿನಲ್ಲಿ ಬೆಳೆಯುತ್ತದೆ, ಗಾಯವಾದರೆ ಅದೂ ಕೆಂಪಾಗಬಹುದು, ತಿಂದರೆ ವಾಂತಿ ಭೇದಿಯಿಂದ ನೆಲ ಹಿಡಿಸುತ್ತದೆ. ಅದರ ಬೀಜಕ ಹಸಿರು. ಅದೊಂದೇ ಅದನ್ನು ಹಿಡಿದುಕೊಡುತ್ತದೆ.

ರುಸುಲಾ ನಿಗ್ರಿಕಾನ್ಸ್ ಬಗ್ಗೆ ಆಗಲೇ ಹೇಳಿದೆ. ದಪ್ಪ ಕಿವಿರು, ದೂರ ದೂರ. ಉಂಗುರ ಇಲ್ಲ. ಕಾಂಡ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯುತ್ತದೆ.

ಎಲ್ಲರಿಗಿಂತ ಜಾಸ್ತಿ ಭಯ ಇರಬೇಕಾದದ್ದು ಇನೋಸ್ಪರ್ಮಾ ಎರುಬೆಸೆನ್ಸ್ ಬಗ್ಗೆ. ಹಳೆಯ ಪುಸ್ತಕಗಳಲ್ಲಿ ಇದು ಇನೋಸೈಬೆ ಎರುಬೆಸೆನ್ಸ್ ಅಥವಾ ಇನೋಸೈಬೆ ಪಟೂಯಾರ್ಡಿ ಅನ್ನುವ ಹೆಸರಿನಲ್ಲಿದೆ. ಇದರ ಹೆಸರಿನಲ್ಲೂ ಕೆಂಪಿದೆ ನೋಡಿ. ಸಣ್ಣದು, 3ರಿಂದ 8 ಸೆಂಟಿಮೀಟರ್. ಮೊದಲು ಬಿಳಿ, ಆಮೇಲೆ ಒಣಹುಲ್ಲಿನ ಬಣ್ಣ, ನಡುವೆ ಮೊನಚಾದ ಟೋಪಿ. ಬಲಿತಾಗ ಅಂಚಿನಿಂದ ನಡುವಿಗೆ ಸೀಳುತ್ತದೆ. ಬೆರಳು ತಾಗಿದಲ್ಲಿ ನಿಧಾನಕ್ಕೆ ಹಳೇ ಇಟ್ಟಿಗೆಯ ಬಣ್ಣ ಬರುತ್ತದೆ. ಉಂಗುರ ಇಲ್ಲ, ಬಲಿತ ಕಿವಿರು ಕಂದು. ಇದರಲ್ಲಿ ಮಸ್ಕರಿನ್ ಅನ್ನುವ ವಿಷ ತುಂಬಾ ಇದೆ. ತಿಂದ ಎರಡು ಗಂಟೆಯೊಳಗೆ ಬೆವರು, ಜೊಲ್ಲು, ಕಣ್ಣೀರು ಧಾರಾಕಾರ, ಹೃದಯದ ಬಡಿತ ನಿಧಾನ, ಉಸಿರಾಟಕ್ಕೆ ಕಷ್ಟ. ಸಾವುಗಳಾಗಿವೆ. ಬೇಗ ಆಸ್ಪತ್ರೆಗೆ ಹೋದರೆ ಅಟ್ರೋಪಿನ್ ಅನ್ನುವ ಮದ್ದಿದೆ. ಟೋಪಿಯ ಗಾತ್ರ, ಬಣ್ಣ, ಉಂಗುರ ಯಾವುದೂ ನಿಮ್ಮ ಅಣಬೆಗೆ ಹೊಂದುವುದಿಲ್ಲ, ಹಾಗಾಗಿ ಇಲ್ಲಿ ಆ ಭಯ ಇಲ್ಲ. ಆದರೆ 'ಕೆಂಪಾದರೆ ಒಳ್ಳೇದು' ಅಂತ ಯಾರಾದರೂ ಸೂತ್ರ ಹೇಳಿದರೆ ಈ ಅಣಬೆಯ ಹೆಸರು ಹೇಳಿ ಅವರನ್ನು ತಡೆಯಿರಿ.

ಇನ್ನು ಬರೆದಿಡುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹೆಸರು ಕೇಳುವವರು ಸಾವಿರ ಜನ, ಬರೆಯುವುದು ಹೇಗೆ ಅಂತ ಕೇಳುವವರು ಅಪರೂಪ.

ಬರವಣಿಗೆ ಅಣಬೆಯನ್ನು ಕೀಳುವ ಮೊದಲೇ ಶುರುವಾಗಬೇಕು. ಹತ್ತಿರದ ಮರಗಳು ಯಾವುವು, ನೆಲದಲ್ಲಿ ಏನಿದೆ, ಒಂಟಿಯಾ ಗುಂಪಾ, ಮಣ್ಣಿನಲ್ಲಾ ಸೌದೆಯ ಮೇಲಾ. ರೂಬೆಸೆನ್ಸ್ ಮರದ ಬೇರುಗಳ ಜೊತೆ ಕೂಡಿ ಬಾಳುವ ಅಣಬೆ. ಅದರ ಎಳೆಗಳು ಬೇರಿನ ತುದಿಗೆ ಹೊದಿಕೆಯಾಗಿ, ನೀರು ಮತ್ತು ಖನಿಜ ಕೊಟ್ಟು ಸಕ್ಕರೆ ಪಡೆಯುತ್ತವೆ. ಓಕ್, ಬೀಚ್, ಬರ್ಚ್, ಪೈನ್ ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ. ಹಾಗಾಗಿ ಮರದ ಹೆಸರಿಲ್ಲದ ವಿವರಣೆ ಅರ್ಧ ವಿವರಣೆ. ನೀವು ಓಕ್ ಮತ್ತು ಪೈನ್ ಅಂತ ಬರೆದದ್ದು ನನಗೆ ಬಹಳ ಸಹಾಯವಾಯಿತು.

ಆಮೇಲೆ ಬುಡದ ಸಮೇತ ಎತ್ತಿ, ಮೇಲಿನಿಂದ ಕೆಳಗೆ ಉದ್ದಕ್ಕೆ ಎರಡು ಹೋಳು ಮಾಡಿ. ಗಡಿಯಾರ ನೋಡಿ. ಕತ್ತರಿಸಿದ ಕೂಡಲೇ ಒಂದು ಸಲ, ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ, ಅರ್ಧ ಗಂಟೆಗೆ ಬಣ್ಣ ಬರೆಯಿರಿ. ಹಗಲು ಬೆಳಕಿನಲ್ಲೇ ನೋಡಿ. ಬಲ್ಬಿನ ಹಳದಿ ಬೆಳಕು ಗುಲಾಬಿಯನ್ನು ನುಂಗಿಬಿಡುತ್ತದೆ. ಬರಿ 'ಕೆಂಪು' ಅಂತ ಬರೆಯಬೇಡಿ. ಇಟ್ಟಿಗೆಯ ಕೆಂಪಾ, ರಕ್ತದ ಕೆಂಪಾ, ವೈನ್ ಬಣ್ಣವಾ, ಕ್ಯಾರೆಟ್ ಬಣ್ಣವಾ? ಒಂದು ಹೋಲಿಕೆ ಕೊಟ್ಟರೆ ಓದುವವರಿಗೆ ಕಣ್ಣಿಗೆ ಕಟ್ಟುತ್ತದೆ. ವಾಸನೆಯನ್ನೂ ನೋಡಿ. ಅಗಾರಿಕಸ್ ಜಾತಿಯಲ್ಲಿ ಇದು ತುಂಬಾ ಕೆಲಸಕ್ಕೆ ಬರುತ್ತದೆ, ಅಗಾರಿಕಸ್ ಕ್ಸಾಂಥೊಡರ್ಮಸ್ ಅನ್ನುವ ವಿಷದ ಅಣಬೆ ಬುಡ ಕತ್ತರಿಸಿದರೆ ಕಡು ಹಳದಿಯಾಗಿ ಫೀನಾಲ್ ವಾಸನೆ ಹೊಡೆಯುತ್ತದೆ.

ರಾತ್ರಿ ಬೀಜಕದ ಅಚ್ಚು ತೆಗೆಯಿರಿ. ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಟೋಪಿಯನ್ನು ಕಿವಿರು ಕೆಳಗಾಗಿ ಇಟ್ಟು, ಮೇಲೆ ಒಂದು ಬೋಗುಣಿ ಮುಚ್ಚಿ. ಬೆಳಗ್ಗೆ ಪುಡಿ ಉದುರಿರುತ್ತದೆ. ಎರಡು ಬಣ್ಣದ ಕಾಗದ ಯಾಕೆ ಅಂದರೆ, ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣುವುದಿಲ್ಲ. ರೂಬೆಸೆನ್ಸ್ ಆದರೆ ಪುಡಿ ಬಿಳಿ. ಸೂಕ್ಷ್ಮದರ್ಶಕ ಇರುವವರು ಯಾರಾದರೂ ಗೊತ್ತಿದ್ದರೆ ಆ ಪುಡಿಯನ್ನು ಅವರಿಗೆ ಕೊಡಿ. ಮೆಲ್ಜರ್ ದ್ರಾವಣ ಅಂತ ಅಯೋಡಿನ್ ಇರುವ ಒಂದು ದ್ರಾವಣ ಇದೆ. ಅದರಲ್ಲಿ ರೂಬೆಸೆನ್ಸ್‌ನ ಬೀಜಕಗಳು ನೀಲಿಬೂದಾಗುತ್ತವೆ, ಪ್ಯಾಂಥೆರಿನಾದವು ಆಗುವುದಿಲ್ಲ. ಬುಡವಿಲ್ಲದ ನಿಮ್ಮ ಅಣಬೆಗೂ ಈ ಪರೀಕ್ಷೆ ಮಾಡಬಹುದು! ಆದರೆ ಪ್ರಾಣ ತೆಗೆಯುವ ಅಮಾನಿಟಾ ಫ್ಯಾಲಾಯ್ಡಿಸ್‌ನ ಬೀಜಕಗಳೂ ನೀಲಿಬೂದಾಗುತ್ತವೆ, ಹಾಗಾಗಿ ಇದು ಪ್ಯಾಂಥೆರಿನಾವನ್ನು ಹೊರಗಿಡುವ ಪರೀಕ್ಷೆ ಮಾತ್ರ, ತಿನ್ನಲು ಪರವಾನಗಿ ಅಲ್ಲ.

ಎಲ್ಲ ಸೇರಿಸಿ ಬರೆದರೆ ಟಿಪ್ಪಣಿ ಹೀಗಿರಬೇಕು, ಒಂದು ಮಾದರಿ ಕೊಡುತ್ತೇನೆ:

"ಓಕ್ ಮತ್ತು ಪೈನ್ ಮರಗಳ ನಡುವೆ, ಉದುರಿದ ಎಲೆಗಳ ಕೆಳಗಿನ ಮಣ್ಣಿನಲ್ಲಿ, ಮೂರು ಅಣಬೆ, ಬಿಡಿಬಿಡಿಯಾಗಿ. ಟೋಪಿ 9 ಸೆಂ.ಮೀ., ಬಹುತೇಕ ಚಪ್ಪಟೆ, ಗುಲಾಬಿ ಬೆರೆತ ಕಂದು, ಅಂಚು ನಯ. ಮೇಲೆ ಬೂದು ಹಕ್ಕಳೆ, ಉಗುರು ತಾಗಿದರೆ ಏಳುತ್ತದೆ. ಕಿವಿರು ಬಿಳಿ, ಒತ್ತೊತ್ತು, ಕಾಂಡಕ್ಕೆ ಅಂಟಿಲ್ಲ, ಎರಡು ಕಡೆ ಕೆಂಪು ಕಲೆ. ಕಾಂಡ 11 ಸೆಂ.ಮೀ. ಉದ್ದ, ಮೇಲೆ ಬಿಳಿ, ಕೆಳಗೆ ನಸುಗೆಂಪು. ಉಂಗುರ ಇಳಿಬಿದ್ದಿದೆ, ಮೇಲ್ಮೈಯಲ್ಲಿ ಗೀರು. ಬುಡ ಗೆಡ್ಡೆಯಂತೆ ಊದಿದೆ, ಅಂಚಿಲ್ಲ, ಚೀಲವಿಲ್ಲ. ಸೀಳಿದಾಗ ತಿರುಳು ಬಿಳಿ, ಐದು ನಿಮಿಷಕ್ಕೂ ಬಿಳಿ, ಇಪ್ಪತ್ತೈದು ನಿಮಿಷಕ್ಕೆ ತಿಳಿ ಗುಲಾಬಿ. ಬುಡದಲ್ಲಿ ಹುಳು ಕೊರೆದ ಸುರಂಗಗಳು ಮೊದಲೇ ವೈನ್ ಬಣ್ಣ. ವಿಶೇಷ ವಾಸನೆ ಇಲ್ಲ. ಬೀಜಕದ ಅಚ್ಚು ಬಿಳಿ."

ಈ ಟಿಪ್ಪಣಿ ಓದಿದ ಯಾವ ಅಣಬೆ ತಜ್ಞರಾದರೂ ಫೋಟೋ ನೋಡದೆಯೇ ರೂಬೆಸೆನ್ಸ್ ಗುಂಪು ಅನ್ನುತ್ತಾರೆ. ಆ್ಯಪ್ ಎರಡು ಹೆಸರು ಹೇಳಿದ್ದು ಯಾಕೆ ಅಂತಲೂ ಇದರಿಂದ ಗೊತ್ತಾಗುತ್ತದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಹೊತ್ತಿಲ್ಲ, ವಾಸನೆ ಇಲ್ಲ, ಉಂಗುರದ ಗೀರಿಲ್ಲ, ಬುಡ ಇಲ್ಲ. ಅದು ಟೋಪಿಯನ್ನಷ್ಟೇ ನೋಡಿ ಹೇಳುತ್ತದೆ.

ಗುಂಪು ಅಂದೆ. ಅದಕ್ಕೂ ಕಾರಣ ಇದೆ. ರೂಬೆಸೆನ್ಸ್ ಅನ್ನುವುದು ಯುರೋಪಿನ ಅಣಬೆಗೆ ಇಟ್ಟ ಹೆಸರು. ಬೇರೆ ಖಂಡಗಳಲ್ಲಿ ಕೆಂಪಾಗುವ ಅಮಾನಿಟಾ ಸಿಕ್ಕಾಗಲೆಲ್ಲ ಬಹಳ ಕಾಲ ಜನ ಅದೇ ಹೆಸರು ಹಚ್ಚುತ್ತಾ ಬಂದರು. ಹತ್ತಿರದಿಂದ ನೋಡಿದ ಮೇಲೆ ಕೆಲವು ಬೇರೆಯೇ ಅಂತ ಗೊತ್ತಾಯಿತು. ಅಮೆರಿಕದ ಪಶ್ಚಿಮದ್ದಕ್ಕೆ 1994ರಲ್ಲಿ ಅಮಾನಿಟಾ ನೋವಿನುಪ್ಟಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅದರ ಅರ್ಥ ಹೊಸ ಮದುವಣಗಿತ್ತಿ, ಬಿಳಿ ಮೈಗೆ ನಾಚಿಕೆಯ ಕೆಂಪು. ಎಷ್ಟು ಚೆಂದದ ಹೆಸರು! ಹಿಮಾಲಯದ ಕಾಡುಗಳಿಂದ 1990ರಲ್ಲಿ ಬಂದದ್ದು ಅಮಾನಿಟಾ ಆರ್ಸೋನಿ. ನೀವು ಯಾವ ಭಾಗದ ಕಾಡು ಅಂತ ಬರೆದಿಲ್ಲ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ 'ಅಮಾನಿಟಾ, ರೂಬೆಸೆನ್ಸ್ ಗುಂಪು' ಅಂತ ಬರೆಯುವುದೇ ಪ್ರಾಮಾಣಿಕ. ಮುಂದೆ ಯಾರಾದರೂ ಡಿಎನ್‌ಎ ನೋಡಬೇಕೆಂದರೆ ಒಂದು ಚೂರನ್ನು ಕಡಿಮೆ ಶಾಖದಲ್ಲಿ ಚೆನ್ನಾಗಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ತಾರೀಖು ಸಮೇತ ಇಡಿ.

ತಿನ್ನುವ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ನೀವು ಹುಡುಕಿದರೆ 'ರೂಬೆಸೆನ್ಸ್ ತಿನ್ನಬಹುದು' ಅಂತ ಬರೆದದ್ದು ಖಂಡಿತ ಸಿಗುತ್ತದೆ. ಯುರೋಪಿನಲ್ಲಿ ಚೆನ್ನಾಗಿ ಬೇಯಿಸಿ ತಿನ್ನುವವರು ಬಹಳ ಹಿಂದಿನಿಂದ ಇದ್ದಾರೆ, ಅದು ನಿಜ. ಹಸಿಯಾಗಿ ಇದು ವಿಷ ಅನ್ನುವುದೂ ಅಷ್ಟೇ ನಿಜ. ಕೆಂಪು ರಕ್ತಕಣಗಳನ್ನು ಒಡೆಯುವ ಒಂದು ಪ್ರೋಟೀನ್ ಇದರಲ್ಲಿದೆ, ಬೇಯಿಸಿದರೆ ಅದು ಹಾಳಾಗುತ್ತದೆ. ಆದರೆ ಬೇಯಿಸುವುದರಿಂದ ಪ್ಯಾಂಥೆರಿನಾದ ವಿಷ ಹೋಗುತ್ತದೆ ಅಂತ ನಂಬಿ ಕೂರುವಂತಿಲ್ಲ, ಫ್ಯಾಲಾಯ್ಡಿಸ್‌ನ ವಿಷವಂತೂ ಕುದಿಸಿದರೂ ಹೋಗುವುದಿಲ್ಲ. ಅಂದರೆ ಅಡುಗೆ ನಿಮ್ಮ ಗುರುತಿನ ತಪ್ಪನ್ನು ಸರಿಮಾಡುವುದಿಲ್ಲ. ಜೂಲಿಯಸ್ ಶೇಫರ್ ಅಂತ ಜರ್ಮನಿಯ ಶಿಲೀಂಧ್ರ ತಜ್ಞ ಇದ್ದರು. ಅಗಾರಿಕಸ್ ಜಾತಿಯನ್ನು ಗುರುತಿಸುವ ಒಂದು ರಾಸಾಯನಿಕ ಪರೀಕ್ಷೆಗೆ ಇವತ್ತಿಗೂ ಅವರದೇ ಹೆಸರು. 1944ರಲ್ಲಿ ಪ್ಯಾಕ್ಸಿಲಸ್ ಇನ್ವಾಲ್ಯೂಟಸ್ ಅನ್ನುವ ಅಣಬೆ ತಿಂದು ತೀರಿಕೊಂಡರು. ಗುರುತಿಸುವುದರಲ್ಲಿ ಅವರು ತಪ್ಪಿರಲಿಲ್ಲ. ಬೇಯಿಸಿದರೆ ಆ ಅಣಬೆ ತಿನ್ನಬಹುದು ಅಂತ ಆಗ ಎಲ್ಲರೂ ನಂಬಿದ್ದರು. ಆ ಘಟನೆ ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಅಮಾನಿಟಾ ಜಾತಿಯ ಯಾವುದನ್ನೂ ನಾನು ತಿನ್ನುವುದಿಲ್ಲ, ಯಾರಿಗೂ ತಿನ್ನಿ ಅನ್ನುವುದಿಲ್ಲ.

ಮುಟ್ಟಿದ್ದರಿಂದ ಏನೂ ಆಗುವುದಿಲ್ಲ, ಗಾಬರಿ ಬೇಡ. ಕೈ ತೊಳೆದುಕೊಳ್ಳಿ ಸಾಕು. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದ ಅಣಬೆ ತಿಂದುಬಿಟ್ಟರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಉಳಿದ ಚೂರು, ಸಿಪ್ಪೆ, ಏನು ಸಿಕ್ಕಿದರೂ ಕಟ್ಟಿಕೊಂಡು ಆಸ್ಪತ್ರೆಗೆ ಓಡಿ. ಫ್ಯಾಲಾಯ್ಡಿಸ್ ತಿಂದವರಿಗೆ ಮೊದಲ ಆರು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ, ನಡುವೆ ಒಂದು ದಿನ ಗುಣವಾದ ಹಾಗೆ ಅನ್ನಿಸುತ್ತದೆ, ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಅದೇ ಮರದ ಹತ್ತಿರ ಮತ್ತೆ ಹೋಗಿ. ನೀವು ಬಿಟ್ಟು ಬಂದ ಬುಡ ಇನ್ನೂ ಮಣ್ಣಿನಲ್ಲೇ ಇರಬಹುದು, ಮೆಲ್ಲಗೆ ಅಗೆದು ತೆಗೆದು ಸೀಳಿ ನೋಡಿ. ಕೊಳೆತುಹೋಗಿದ್ದರೆ ಬೇಸರ ಬೇಡ. ಮಣ್ಣಿನೊಳಗಿನ ಎಳೆಗಳು ಆ ಮರದ ಬೇರನ್ನು ಬಿಟ್ಟು ಹೋಗುವುದಿಲ್ಲ, ಹದವಾದ ಮಳೆ ಬಿದ್ದರೆ ಅದೇ ಜಾಗದ ಸುತ್ತಮುತ್ತ ಮತ್ತೆ ಏಳುವ ಸಾಧ್ಯತೆ ಚೆನ್ನಾಗಿದೆ. ಆಗ ಒಂದು ಎಳೆಯದು, ಒಂದು ಬಲಿತದ್ದು, ಎರಡನ್ನೂ ಬುಡದ ಸಮೇತ ಎತ್ತಿ. ಉಂಗುರದ ಮೇಲೆ ಗೀರು ಇದೆಯಾ, ಗೆಡ್ಡೆಗೆ ಅಂಚಿದೆಯಾ, ಕೆಂಪಾಗಲು ಎಷ್ಟು ನಿಮಿಷ ಹಿಡಿಯಿತು. ಈ ಮೂರನ್ನು ಬರೆದು ಕಳಿಸಿ, ಪ್ಯಾಂಥೆರಿನಾನಾ ರೂಬೆಸೆನ್ಸಾ ಅಂತ ಖಚಿತವಾಗಿ ಹೇಳುತ್ತೇನೆ.